ಕಚೇರಿಯಿಂದ ತಿದ್ದುಪಡಿ

ನನ್ನ ನಾದಿನಿಗೆ ‘ಸುಮಾರು’ ಎಂಬ ಮಾತು ಕಂಡರೆ ಆಗುವುದಿಲ್ಲ. ಹಾಲು ಸುಮಾರು ಎಷ್ಟಿದೆ ಎಂದು ಕೇಳಿದರೆ ಎದ್ದು ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿ ಬಂದು “ಒಂದೂವರೆ ಲೋಟ” ಎನ್ನುತ್ತಾಳೆ. ಹಗ್ಗದ ಮೇಲೆ ಕಾಲುಚೀಲಗಳು ಜೋಡಿ ಜೋಡಿಯಾಗಿಯೇ ಒಣಗಬೇಕು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇವಳಿಂದ ತಲೆ ಚಿಟ್ಟು ಹಿಡಿದುಹೋಗಿತ್ತು. ನನ್ನದೋ, ಕಣ್ಣಳತೆಯಲ್ಲಿ ಬದುಕುವ ಜಾತಿ. ಅವಳ ಗುಣ ನನಗೆ ಹತ್ತಲಿಲ್ಲ, ನನ್ನದು ಅವಳಿಗೆ ಹತ್ತಲಿಲ್ಲ. ಆದರೂ ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕಳೆದೆವು, ಜಗಳವಾಡಿಕೊಂಡೇ.

ನಮ್ಮ ಮನೆಯ ಮೂವರ ಅನ್ನವೂ ಒಂದೇ ಗಾಲ್ಫ್ ಕ್ಲಬ್ಬಿನದು. ನಮ್ಮ ಯಜಮಾನರು ಮೈದಾನದ ಹುಲ್ಲು ಕತ್ತರಿಸುವ ಗಾಡಿ ಓಡಿಸುತ್ತಾರೆ. ನಾನು ಹಾಲ್‌ನ ಚಹಾ ಕೌಂಟರಿನಲ್ಲಿ ನಿಲ್ಲುತ್ತೇನೆ. ನಾದಿನಿ ಕಚೇರಿಯಲ್ಲಿ, ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಲೀಗು, ಟೂರ್ನಮೆಂಟು, ಹ್ಯಾಂಡಿಕ್ಯಾಪು ಎಲ್ಲವನ್ನೂ ಸಾಫ್ಟ್‌ವೇರಿನಲ್ಲಿ ನಡೆಸುತ್ತಾಳೆ. ಗಾಲ್ಫ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಚೆಂಡನ್ನು ಎಷ್ಟು ಕಡಿಮೆ ಹೊಡೆತಕ್ಕೆ ಗುಳಿಗೆ ಸೇರಿಸುತ್ತೀರೋ ಅಷ್ಟು ಒಳ್ಳೆಯದು. ಪಳಗಿದವನೂ ಸಾಧಾರಣದವನೂ ಸರಿಸಮ ಆಡುವಂತಾಗಲಿ ಎಂದು ಸಾಧಾರಣದವನಿಗೆ ಒಂದಿಷ್ಟು ಹೊಡೆತ ಮಾಫಿ. ಆ ಮಾಫಿಗೇ ಹ್ಯಾಂಡಿಕ್ಯಾಪ್ ಎಂದು ಹೆಸರು. ಹಿಂದೆ ಅದನ್ನು ಕಮಿಟಿಯ ಹಿರಿಯರು ಕಾಗದದ ಮೇಲೆ ಗೀಚಿ ಲೆಕ್ಕ ಹಾಕುತ್ತಿದ್ದರು. ಲೆಕ್ಕಕ್ಕಿಂತ ಕೂಗಾಟವೇ ಜಾಸ್ತಿ ಇರುತ್ತಿತ್ತು.

ಸಾಫ್ಟ್‌ವೇರ್ ಬಂದ ಮೇಲೆ ಕೂಗಾಟ ಕಮಿಟಿ ಕೋಣೆಯಿಂದ ನಾದಿನಿಯ ಮೇಜಿಗೆ ವರ್ಗವಾಯಿತು, ಅಷ್ಟೆ. ಆಡಿದವರು ಕೊಟ್ಟ ಕಾರ್ಡನ್ನು ಅವಳು ಫೀಡ್ ಮಾಡುತ್ತಾಳೆ. ಯಾರಿಗೆ ಎಷ್ಟು ಮಾಫಿ, ಯಾರು ಮೇಲೆ, ಯಾರು ಕೆಳಗೆ ಎಂದು ಹಾಲ್‌ನ ದೊಡ್ಡ ಪರದೆಯಲ್ಲೂ ಎಲ್ಲರ ಮೊಬೈಲಿನಲ್ಲೂ ತಾನಾಗಿಯೇ ಬರುತ್ತದೆ. ಗೆಲ್ಲುವ ಆಸೆ ಇರುವವರಿಗೆ ಮಾಫಿ ಏರಬೇಕು, ಜಂಬದವರಿಗೆ ಇಳಿಯಬೇಕು. “ಒಂದೇ ಒಂದು ಇಳಿಸಮ್ಮಾ, ಬೀಗರ ಮುಂದೆ ಮಾನ ಹೋಗುತ್ತೆ” ಎಂದು ಹಲ್ಲಿನ ಡಾಕ್ಟರೊಬ್ಬರು ಗೋಗರೆದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಇವಳದು ಯಾರಿಗೇ ಆದರೂ ಒಂದೇ ಉತ್ತರ. “ನಾನಲ್ಲ ಸಾರ್, ಸಾಫ್ಟ್‌ವೇರ್ ಹೇಳೋದು.” ಆ ಮಾತಿನ ಹಿಂದೆ ಅವಳು ವರ್ಷಗಟ್ಟಲೆ ಸುಖವಾಗಿದ್ದಳು.

ಅವಳನ್ನು ಅಷ್ಟರ ಮಟ್ಟಿಗೆ ತಂದವರು ಅವಳ ಅಣ್ಣ, ಅಂದರೆ ನಮ್ಮ ಯಜಮಾನರು. ತಾಯಿ ತಂದೆ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇವಳಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲವಂತೆ. ಅಣ್ಣ ಶಾಲೆ ಬಿಟ್ಟು ಇದೇ ಕ್ಲಬ್ಬಿನಲ್ಲಿ ಸಾಹೇಬರ ಬ್ಯಾಗು ಹೊತ್ತರು. ಬೆಳಿಗ್ಗೆ ತಂಗಿಗೆ ಜಡೆ ಹೆಣೆದು, ಅದು ಯಾವಾಗಲೂ ಒಂದು ಕಡೆಗೆ ವಾಲುತ್ತಿತ್ತಂತೆ, ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಹುಲ್ಲಿನ ಗಾಡಿ ಸಿಕ್ಕಿತು. ಇವಳನ್ನು ಕಂಪ್ಯೂಟರ್ ಕಲಿಕೆಗೆ ಸೇರಿಸಿದರು. ಅಣ್ಣನ ಮಾತೆಂದರೆ ಇವಳಿಗೆ ವೇದವಾಕ್ಯ. ತಂಗಿ ಎಂದರೆ ಅವರಿಗೆ ಕಣ್ಣಿನ ಗೊಂಬೆ. ನಡುವೆ ಬಂದ ನಾನು ಎಷ್ಟೋ ದಿನ ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು.

ಆ ಗಾಡಿಯ ಕುಲುಕಾಟಕ್ಕೆ ಯಜಮಾನರ ಸೊಂಟ ಸವೆದುಹೋಗಿದೆ. ಸಂಜೆ ಮನೆಗೆ ಬಂದರೆ ಮೊದಲು ಗೋಡೆ ಹಿಡಿದು ನಿಲ್ಲುತ್ತಾರೆ, ಆಮೇಲೆ ನೆಲದ ಮೇಲೆ ಉದ್ದಕ್ಕೆ ಮಲಗುತ್ತಾರೆ. ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. “ನಡೀರಿ, ನಿಂತ್ಕೊಳ್ಳಿ, ಬೇಕಾದ್ರೆ ಆಟ ಆಡಿ. ಆ ಗಾಡಿ ಮೇಲೆ ಮಾತ್ರ ಕೂರ್ಬೇಡಿ. ಕೂತ್ರೆ ಒಂದಿನ ಕಾಲು ಸ್ವಾಧೀನ ತಪ್ಪುತ್ತೆ.” ಹೇಳುವುದು ಸುಲಭ. ಗಾಡಿ ಬಿಟ್ಟರೆ ಕೆಲಸ ಯಾವುದು?

ಕ್ಲಬ್ಬಿಗೆ ವಾರಕ್ಕೊಂದು ದಿನ ರಜೆ. ಅವತ್ತು ಕೆಲಸದವರು ಆಡಬಹುದು, ಅವರಿಗೂ ಒಂದು ಲೀಗ್ ಉಂಟು. ಯಜಮಾನರ ಹೊಡೆತ ದೂರ ಹೋಗುವುದಿಲ್ಲ, ಆದರೆ ನೆಟ್ಟಗೆ ಹೋಗುತ್ತದೆ. ಈ ಸಲ ಲೀಗ್ ಶುರುವಾಗುವಾಗ ಸೆಕ್ರೆಟರಿ ಸಾಹೇಬರು ಹಾಲ್‌ನಲ್ಲೇ ನಿಂತು ಘೋಷಿಸಿದರು: ಗೆದ್ದವರನ್ನು ತರಬೇತಿಗೆ ಕಳಿಸುತ್ತೇವೆ, ವಾಪಸು ಬಂದ ಮೇಲೆ ಹೊಸಬರಿಗೆ ಆಟ ಕಲಿಸುವ ಸಹಾಯಕನ ಕೆಲಸ ಅವರಿಗೇ. ನಾನು ಕೌಂಟರಿನ ಹಿಂದೆ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆ ಕೆಳಗಿಟ್ಟೆ. ಗಾಡಿಯಿಂದ ಇಳಿಯಲು ಇದೊಂದೇ ಮೆಟ್ಟಿಲು ಎಂದು ನಮ್ಮ ಮೂವರಿಗೂ ಅವತ್ತೇ ಗೊತ್ತಾಯಿತು.

ಕೊನೆಗೆ ಉಳಿದದ್ದು ಇಬ್ಬರ ಪೈಪೋಟಿ. ಇವರು, ಮತ್ತು ಗೇಟಿನ ಕಾವಲಿನವನು. ಅವನನ್ನು ಎಲ್ಲರೂ ಮೀಸೆ ಅಂತಲೇ ಕರೆಯುವುದು. ಆಳು ಗೂಳಿಯಂತೆ ಗಟ್ಟಿ. ಇವರು ಬಾಗಿಕೊಂಡು ನಡೆದು ಬರುವುದನ್ನು ಕಂಡರೆ “ಪ್ರಶ್ನೆ ಗುರುತು ಬಂತು ನೋಡ್ರಪ್ಪಾ, ಉತ್ತರ ಕೊಡ್ರೋ” ಎಂದು ಗೇಟಿನಿಂದಲೇ ಕೂಗುತ್ತಿದ್ದ. ಯಜಮಾನರು ನಗುತ್ತಿದ್ದರು. ನನಗೆ ಮಾತ್ರ ಅವನ ಮೀಸೆಗೆ ಬಿಸಿ ಚಹಾ ಸುರಿಯಬೇಕು ಅನ್ನಿಸುತ್ತಿತ್ತು.

ಒಂದು ರಜೆಯ ದಿನ ಇವರಿಗೆ ಸೊಂಟ ಹಿಡಿದುಕೊಂಡು ಏಳಲಾಗಲಿಲ್ಲ. ಅಂಥವರು ಅದೇ ವಾರದಲ್ಲಿ ಬೇರೆ ದಿನ ಆಡಿ ಕಾರ್ಡು ಕೊಡಬಹುದು, ಅದಕ್ಕೆ ಅವಕಾಶವಿದೆ. ಇವರು ಹಾಗೇ ಮಾಡಿದರು. ಕೊನೆಯ ಪಟ್ಟಿ ಬಂದಾಗ ಒಂದೇ ಒಂದು ಹೊಡೆತದಿಂದ ಇವರು ಮೇಲೆ, ಮೀಸೆ ಕೆಳಗೆ. ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ಮೀಸೆ ಬಂದು ಇವರ ಕೈ ಕುಲುಕಿ “ನೀನೇ ಗೆದ್ದೆ ಕಣಯ್ಯಾ ಮಾರಾಯ” ಎಂದ. ಅವತ್ತು ಸಂಜೆ ಮನೆಗೆ ಬಂದ ಯಜಮಾನರು ಗೋಡೆ ಹಿಡಿಯಲಿಲ್ಲ. ತರಬೇತಿ ಶುರುವಾಗುವ ತನಕ ಹೊಸಬರ ಜೊತೆ ನಿಂತು ಅಭ್ಯಾಸ ಮಾಡಿಕೊಳ್ಳಿ ಎಂದು ಸೆಕ್ರೆಟರಿ ಹೇಳಿದ್ದರಿಂದ ಗಾಡಿಯ ಕೀಲಿಯನ್ನೂ ಶೆಡ್ಡಿನಲ್ಲಿ ಒಪ್ಪಿಸಿ ಬಂದಿದ್ದರು. ನನಗೆ ಆ ಕೆಲವು ದಿನಗಳು ಮದುವೆಯಾದ ಹೊಸದರ ದಿನಗಳಂತೆ ಕಂಡವು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಾದಿನಿ ಊಟ ಬಿಟ್ಟಳು. ಹಸಿವಿಲ್ಲ ಎಂದಳು. ಮಾರನೆಯ ದಿನವೂ ಹಸಿವಿಲ್ಲ. ನಾನು ಗದರಿಸಿದ ಮೇಲೆ, ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಚಾಪೆಯ ಮೇಲೆ ಮಲಗಿದ್ದ ಅಣ್ಣನಿಗೂ ಕೇಳುವಂತೆ ಹೇಳಿದಳು.

“ಅಣ್ಣಾ, ನೀನು ಬೇರೆ ದಿನ ಆಡಿದ್ಯಲ್ಲ. ಅವತ್ತು ಯಾವ ಕಟ್ಟೆಯಿಂದ ಆಡಿದ್ದು?”

ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ನಾವು ಕೆಲಸದವರು ಕಟ್ಟೆ ಅನ್ನುತ್ತೇವೆ. ಅವು ಎರಡು ಸಾಲು, ಹಿಂದಿನದು ಮತ್ತು ಮುಂದಿನದು. ಹಿಂದಿನದರಿಂದ ದೂರ ಜಾಸ್ತಿ, ಆದ್ದರಿಂದ ಮಾಫಿಯೂ ಜಾಸ್ತಿ.

“ಮುಂದಿನದ್ರಿಂದ,” ಎಂದರು ಇವರು. “ಹಿಂದಿನದಕ್ಕೆ ನಾನೇ ಹಗ್ಗ ಕಟ್ಟಿದ್ದೆ, ಹೊಸ ಹುಲ್ಲು ಹಾಸಿತ್ತು. ಯಾಕೆ? ಮುಂದಿನದ್ರಿಂದ ಆಡಬಾರದಿತ್ತಾ?”

“ಆಡಬಹುದು. ನೀನು ಆಡಿದ್ದು ಸರಿ. ನಾನು ಹಾಕಿದ್ದು ತಪ್ಪು.” ಅವಳ ಧ್ವನಿ ಸಣ್ಣಗಾಯಿತು. “ದಿನಾ ಹಿಂದಿನದೇ ಹಾಕಿ ಹಾಕಿ ಕೈ ರೂಢಿಯಾಗಿಬಿಟ್ಟಿದೆ. ಅದನ್ನೇ ಒತ್ತಿಬಿಟ್ಟಿದೀನಿ. ನಿನಗೆ ಎರಡು ಹೊಡೆತ ಜಾಸ್ತಿ ಮಾಫಿ ಸಿಕ್ಕಿದೆ.”

ಎರಡು ಕಳೆದರೆ ಮೀಸೆ ಮೇಲೆ. ಇಷ್ಟು ಲೆಕ್ಕ ಕಣ್ಣಳತೆಯವಳಾದ ನನಗೂ ಬರುತ್ತದೆ.

“ಯಾರಿಗೆ ಗೊತ್ತು ಇದು?” ಎಂದೆ.

“ಯಾರಿಗೂ ಗೊತ್ತಿಲ್ಲ ಅತ್ತಿಗೆ. ವರ್ಷದ ವರದಿ ತೆಗೀವಾಗ, ಅವತ್ತು ಹಿಂದಿನ ಕಟ್ಟೆ ಮುಚ್ಚಿತ್ತಲ್ಲ ಅಂತ ನನಗೇ ಹೊಳೆದಿದ್ದು.”

“ಹಾಗಾದ್ರೆ ಹೊಟ್ಟೆಗೆ ಹಾಕ್ಕೊಂಡು ಸುಮ್ನಿರು. ಊರಿಗೆಲ್ಲ ಬುದ್ಧಿ ಹೇಳೋ ಸಾಫ್ಟ್‌ವೇರೇ ಸುಮ್ನಿದೆ, ನಿನಗೇನು ದಾಡಿ?”

“ಅದಕ್ಕೆ ನಾನು ಹೇಳಿದ್ದಷ್ಟೇ ಗೊತ್ತು ಅತ್ತಿಗೆ.”

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿನ್ನ ಅಣ್ಣನ ಬೆನ್ನು ಬಾಗಿರೋದು ಬರೀ ಗಾಡಿಯಿಂದ ಅಲ್ಲ, ನಿನ್ನನ್ನ ಹೊತ್ತು ಹೊತ್ತು ಬಾಗಿದೆ ಎಂದೆ. ಆ ಮೀಸೆಗೆ ಏನು ಕಮ್ಮಿಯಾಗಿದೆ, ಕಲ್ಲು ತಿಂದು ಕರಗಿಸೋ ಮೈ ಅವನದು ಎಂದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು, ಕಣ್ಣೀರು ನೇರ ಕಾಲಿನ ಮೇಲೆ ಬೀಳುತ್ತಿತ್ತು. ಒಳಗಿಂದ ಯಜಮಾನರು ಕೊನೆಗೆ ಅಂದದ್ದು ಇಷ್ಟೆ:

“ನಾಳೆ ಒಂದಿನ ಬಿಡು ಪುಟ್ಟಿ.”

ನಾನು ಅದನ್ನು ಹೇಗೆ ತಿಳಿದೆನೋ ಅವಳೂ ಹಾಗೇ ತಿಳಿದಳು. ಇವರೂ ಮುಚ್ಚಿಡು ಅನ್ನುತ್ತಿದ್ದಾರೆ, ನೇರವಾಗಿ ಅನ್ನಲು ನಾಚಿಕೆ. ನನಗೆ ಸಮಾಧಾನವಾಯಿತು. ಅವಳ ಮುಖ ಮಾತ್ರ ಬಿಳುಚಿಕೊಂಡಿತು.

ಮಾರನೆಯ ಬೆಳಿಗ್ಗೆ ಅವಳು ಸೆಕ್ರೆಟರಿ ಸಾಹೇಬರ ಬಾಗಿಲು ತಟ್ಟಿದಳು. ಅವರು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. “ಯಾರಾದ್ರೂ ದೂರು ಕೊಟ್ಟಿದ್ದಾರೇನಮ್ಮಾ? ಇಲ್ಲ ತಾನೇ? ಘೋಷಣೆ ಆಗಿದೆ, ಹೆಸರೂ ಕಳಿಸೋಕೆ ರೆಡಿ ಇದೆ. ಮಲಗಿರೋ ನಾಯೀನ ಯಾಕೆ ಎಬ್ಬಿಸ್ತೀರ? ಹೋಗಿ, ಕೆಲಸ ನೋಡಿ.” ಅತ್ತಿಗೆ ಬೇಡ ಎಂದಳು, ಸಾಹೇಬರು ಬೇಡ ಎಂದರು, ಹೆತ್ತವರ ಸಮಾನನಾದ ಅಣ್ಣನೂ ಬಿಡು ಎಂದ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಜನರ ಹೆಗಲ ಮೇಲೆ ಭಾರ ಹಾಕಿ ಹಾಯಾಗಿರುತ್ತಿದ್ದರು. ಇವಳು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಕಟ್ಟೆ ಆರಿಸುವ ಜಾಗಕ್ಕೆ ಹೋಗಿ ‘ಹಿಂದಿನದು’ ಇದ್ದದ್ದನ್ನು ‘ಮುಂದಿನದು’ ಮಾಡಿ ಒತ್ತಿಬಿಟ್ಟಳು.

ಆಗ ನಾನು ಕೌಂಟರಿನಲ್ಲಿ ಲೋಟ ತೊಳೆಯುತ್ತಿದ್ದೆ. ಹಾಲ್‌ನಲ್ಲಿ ನಾಲ್ಕಾರು ಸದಸ್ಯರು ಕೂತಿದ್ದರು. ಮೇಲಿನ ಪರದೆ ಒಮ್ಮೆ ಮಿಟುಕಿತು. ಇವರ ಹೆಸರು ಕೆಳಗಿಳಿಯಿತು, ಮೀಸೆಯದು ಮೇಲೇರಿತು. ಇವರ ಹೆಸರಿನ ಪಕ್ಕದಲ್ಲಿ ಒಂದು ಕೆಂಪು ಸಾಲು ಮೂಡಿತು: ‘ಕಚೇರಿಯಿಂದ ತಿದ್ದುಪಡಿ’. ಅದರಲ್ಲಿ ಯಾಕೆ ಎಂಬುದು ಇರಲಿಲ್ಲ. ಕಾರಣ ಬರೆಯಲು ಆ ಸಾಫ್ಟ್‌ವೇರಿನಲ್ಲಿ ಒಂದು ಚೌಕವಿದೆ. ಅದರಲ್ಲಿ ನಾದಿನಿ ‘ಕಟ್ಟೆ ತಪ್ಪಾಗಿ ಹಾಕಿದ್ದು ನಾನು, ಆಟಗಾರರ ತಪ್ಪು ಏನೂ ಇಲ್ಲ’ ಎಂದು ಬರೆದಿದ್ದಳು. ಆ ಚೌಕ ಕಚೇರಿಯವರಿಗೆ ಮಾತ್ರ ಕಾಣುತ್ತದೆ, ಹೊರಗಿನ ಪರದೆಗೆ ಬರುವುದಿಲ್ಲ. ದಿನಾ ಅದರ ಒಳಬದಿಯನ್ನೇ ನೋಡುವವಳಿಗೆ ಹೊರಗಿನವರಿಗೆ ಏನು ಕಾಣುತ್ತದೆ ಎಂಬುದು ಹೊಳೆಯಲೇ ಇಲ್ಲ.

ಯಜಮಾನರು ಅಭ್ಯಾಸದ ಮೈದಾನದಲ್ಲಿ ಹೊಸಬರ ಜೊತೆ ನಿಂತಿದ್ದರು. ಯಾರೋ ಒಬ್ಬ ಹೆಂಗಸಿಗೆ ಕೋಲು ಹಿಡಿಯುವ ಬೆರಳುಗಳನ್ನು ಸರಿಮಾಡುತ್ತಿದ್ದಾಗ ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತಂತೆ. ಓದಿದರು, ಮತ್ತೆ ಜೇಬಿಗೆ ಹಾಕಿದರು. ಆ ಹೆಂಗಸಿನ ಪಾಠ ಮುಗಿಯುವ ತನಕ ನಿಂತು ಕಲಿಸಿದರು. ಆಮೇಲೆ ಯಾರೂ ಹೇಳದೆಯೇ ಶೆಡ್ಡಿಗೆ ಹೋಗಿ ಗಾಡಿಯ ಕೀಲಿ ಕೇಳಿ ಇಸಿದುಕೊಂಡರು. ಹಾಲ್‌ನ ಕಿಟಕಿಯಿಂದ ಗಾಡಿಯ ಸದ್ದು ಕೇಳಿಸಿದಾಗ ನನಗೆ ನನ್ನ ಕೈಯಲ್ಲಿದ್ದ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಊರ ಬಾಯಿಗೆ ಬೀಗ ಉಂಟೇ? ಮಧ್ಯಾಹ್ನದ ಹೊತ್ತಿಗೆ ಕಥೆ ಕಟ್ಟಿ ಆಗಿತ್ತು. ತಂಗಿ ಕಚೇರಿಯಲ್ಲಿ, ಅಣ್ಣ ಲೀಗಿನಲ್ಲಿ, ಒಳಗಿಂದೊಳಗೇ ಏನೋ ನಡೆದಿದೆ, ಯಾರೋ ಹಿಡಿದುಹಾಕಿದ್ದಾರೆ, ಅದಕ್ಕೇ ಕಚೇರಿಯವರು ತಿದ್ದಿದ್ದಾರೆ. “ಬೆಂಕಿ ಇಲ್ದೆ ಹೊಗೆ ಆಡುತ್ತಾ?” ಎಂದು ನನ್ನ ಕೌಂಟರಿನ ಎದುರೇ ಒಬ್ಬರು ಚಹಾ ಕುಡಿಯುತ್ತಾ ಅಂದರು. ನಾನು ಅವರ ಲೋಟ ಅವರು ಕುಡಿದು ಮುಗಿಸುವ ಮೊದಲೇ ಎತ್ತಿಕೊಂಡೆ. ನಾದಿನಿ ಓಡಿಹೋಗಿ ಸೆಕ್ರೆಟರಿಯ ಹತ್ತಿರ, ತಪ್ಪು ನನ್ನದೆಂದು ಬೋರ್ಡಿನ ಮೇಲೆ ನೋಟೀಸು ಹಾಕಿಸಿ ಎಂದು ಕೈಮುಗಿದಳು. ಅವರು ಉರಿದುಬಿದ್ದರು. “ಹೇಳಿದ್ದನ್ನ ಕೇಳದೆ ಒತ್ತಿದ್ದು ನೀವು. ಇನ್ನು ಕ್ಲಬ್ಬಿನ ಮರ್ಯಾದೇನೂ ಬೋರ್ಡಿಗೆ ಹಾಕ್ಬೇಕಾ?” ನೋಟೀಸು ಬರಲಿಲ್ಲ. ನಾವಾಗಿ ಹೇಳಿದರೆ ನಂಬುವವರು ಯಾರು? ತರಬೇತಿಗೆ ಮೀಸೆಯ ಹೆಸರು ಹೋಯಿತು. ಅವನನ್ನು ಬೈಯಲು ನನಗೆ ಕಾರಣ ಸಿಗಲಿಲ್ಲ, ಆದರೂ ಬೈದೆ. ಇವರು ಹಾದುಹೋಗುವಾಗ ಅವನು ಈಗ ಪ್ರಶ್ನೆ ಗುರುತು ಎನ್ನುತ್ತಿರಲಿಲ್ಲ. ಮುಖ ತಿರುಗಿಸಿಕೊಳ್ಳುತ್ತಿದ್ದ. ಅದು ಇನ್ನೂ ಕೆಟ್ಟದಾಗಿತ್ತು.

ಅವತ್ತು ಸಂಜೆ ನಾದಿನಿ ಮನೆಯೊಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಬಾಗಿಲ ಹೊರಗೇ ನಿಂತಿದ್ದಳು. ನಾನಂತೂ ಕರೆಯಲಿಲ್ಲ. ಯಜಮಾನರು ಗೋಡೆ ಹಿಡಿದುಕೊಂಡೇ ಹೇಳಿದರು.

“ಒಳಗೆ ಬಾ ಪುಟ್ಟಿ.”

ಬಂದು ಅವರ ಕಾಲ ಹತ್ತಿರ ಕೂತಳು. “ಒಂದಿನ ಬಿಡು ಅಂದ್ಯಲ್ಲ ಅಣ್ಣಾ. ಒಂದಿನ ಬಿಟ್ಟಿದ್ರೆ ನಾನು ಒತ್ತುತ್ತಲೇ ಇರ್ಲಿಲ್ಲ. ನಿನ್ನ ಬೆನ್ನು ನೋಡಿದ್ರೆ ನನ್ನ ಕೈ ಬರ್ತಿರ್ಲಿಲ್ಲ. ಅದಕ್ಕೇ ಹೆದರಿ ಬೆಳಿಗ್ಗೇನೇ ಒತ್ತಿಬಿಟ್ಟೆ.”

ಇವರು ನಿಧಾನವಾಗಿ ನೆಲಕ್ಕೆ ಇಳಿದು ಕೂತರು. ಸಿಟ್ಟಿರಲಿಲ್ಲ ಅವರ ಮುಖದಲ್ಲಿ. ಸಿಟ್ಟಿದ್ದಿದ್ದರೆ ಚೆನ್ನಾಗಿರುತ್ತಿತ್ತು.

“ಮುಚ್ಚಿಡು ಅಂತ ಅಲ್ಲ ನಾನು ಅಂದಿದ್ದು,” ಎಂದರು. “ಸಂಜೆ ಎಲ್ಲರೂ ಹಾಲ್‌ಗೆ ಬರ್ತಾರಲ್ಲ, ಆಗ ನಾನೇ ಎದ್ದು ಹೇಳೋಣ ಅಂತಿದ್ದೆ. ಈ ಆಟದಲ್ಲಿ ತಪ್ಪು ಕಂಡವನು ತಾನೇ ಹೇಳ್ಕೋಬೇಕು. ಹಾಗೆ ಹೇಳ್ಕೊಂಡು ಸೋತವನಿಗೆ ಗೆದ್ದವನಿಗಿಂತ ಜಾಸ್ತಿ ಮರ್ಯಾದೆ ಕೊಡ್ತಾರೆ. ಬ್ಯಾಗು ಹೊರೋ ಕಾಲದಿಂದ ನೋಡಿದೀನಿ ನಾನು. ಕೆಲಸ ಹೇಗೂ ಹೋಗ್ತಿತ್ತು ಪುಟ್ಟಿ. ನಾನಾಗಿ ಬಿಟ್ಟುಕೊಟ್ಟ ಹಾಗಿರ್ತಿತ್ತು. ಈಗ ಕಳ್ಳನ ಕೈಯಿಂದ ಕಿತ್ಕೊಂಡ ಹಾಗಾಯ್ತು.”

  ಅಣ್ಣನ ಮನಸ್ಸನ್ನು ತಂಗಿ ಅರಿಯಲಿಲ್ಲ ಸರಿ, ಪಕ್ಕದಲ್ಲೇ ಮಲಗುವ ನಾನೂ ಅರಿಯಲಿಲ್ಲವಲ್ಲ. ನಾವಿಬ್ಬರೂ ಅವರನ್ನು ನಮ್ಮ ನಮ್ಮ ಅಳತೆಗೆ ಇಳಿಸಿಬಿಟ್ಟಿದ್ದೆವು. 

ಆಮೇಲೆ ಮನೆ ಮೊದಲಿನಂತೆಯೇ ನಡೆಯಿತು, ಹೊರಗಿನಿಂದ ನೋಡಿದವರಿಗೆ. ನಾದಿನಿ ಸಂಜೆ ಅಣ್ಣನ ಸೊಂಟಕ್ಕೆ ಬಿಸಿನೀರಿನ ಚೀಲ ಇಡುತ್ತಾಳೆ, ಅವರು “ಸಾಕು ಪುಟ್ಟಿ” ಎನ್ನುತ್ತಾರೆ. ಕ್ಲಬ್ಬಿನಲ್ಲಿ ಸದಸ್ಯರು ಮಾಫಿ ಏರಿಸು ಇಳಿಸು ಎಂದು ಬಂದರೆ ಈಗ ಅವಳು ಸಾಫ್ಟ್‌ವೇರಿನ ಮೇಲೆ ಹಾಕುವುದಿಲ್ಲ. “ಆಗಲ್ಲ ಸಾರ್” ಎಂದಷ್ಟೇ ಹೇಳುತ್ತಾಳೆ. ಇವರು ಗಾಡಿಯ ಮೇಲೆಯೇ ಇದ್ದಾರೆ. ಎಡಗಾಲು ಆಗಾಗ ಜೋಮು ಹಿಡಿಯುತ್ತದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ನನ್ನ ಕಡೆ ನೋಡಿ, “ಅವರು ಹೇಳೋದು ನನಗೂ ಬಾಯಿಪಾಠ ಕಣೇ” ಎನ್ನುತ್ತಾರೆ.

ಹೊಸ ಲೀಗ್ ಶುರುವಾಗುವ ಹೊತ್ತು ಬಂತು. ಕೆಲಸದವರೆಲ್ಲ ಹೆಸರು ಕೊಟ್ಟರು, ಇವರು ಕೊಡಲಿಲ್ಲ. ನಾದಿನಿ ಬಿಸಿನೀರಿನ ಚೀಲ ಇಡುತ್ತಾ ಹೆದರಿ ಹೆದರಿ ಕೇಳಿದಳು.

“ಅಣ್ಣಾ, ಹೆಸರು ಹಾಕ್ಲಾ?”

“ಹಾಕು,” ಎಂದರು.

ಅವಳ ಮುಖ ಅರಳಿದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ಕಂಡೆ. ಆಗ ಇವರು ಮಗ್ಗುಲು ತಿರುಗಿ, ಎಂದಿನ ಮೆತ್ತನೆ ದನಿಯಲ್ಲಿಯೇ ಅಂದರು:

“ಕಾರ್ಡನ್ನ ಮೊಬೈಲಲ್ಲಿ ಆಡಿದವರೇ ಫೀಡ್ ಮಾಡಬಹುದಂತಲ್ಲ. ಅದು ಹೇಗೆ ಅಂತ ನನಗೆ ಕಲಿಸಿಕೊಡು. ಇನ್ಮೇಲೆ ನಂದು ನಾನೇ ಹಾಕ್ಕೋತೀನಿ.”

ಅವಳು ಕಲಿಸಿಕೊಟ್ಟಳು. ಅಣ್ಣನ ಪಕ್ಕ ಕೂತು, ಕಟ್ಟೆ ಆರಿಸುವುದು ಎಲ್ಲಿ, ಹೊಡೆತ ಬರೆಯುವುದು ಎಲ್ಲಿ ಎಂದು ಒಂದೊಂದಾಗಿ ತೋರಿಸಿದಳು. ಅವರ ಒರಟು ಬೆರಳು ತಪ್ಪು ಜಾಗಕ್ಕೆ ಹೋದಾಗ ತಾನು ಮುಟ್ಟಿ ಸರಿಮಾಡಲು ಕೈ ಚಾಚಿದಳು. ಅವರು ಮೊಬೈಲನ್ನು ಸ್ವಲ್ಪವೇ, ಸ್ವಲ್ಪವೇ ತಮ್ಮ ಕಡೆಗೆ ಎಳೆದುಕೊಂಡರು. ಅವಳು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಾಯಲ್ಲಿಯೇ ಹೇಳಿಕೊಡುತ್ತಾ ಹೋದಳು.